ಫ್ಯಾನಿನ ಬಾಯಲ್ಲೇ ತಿರುವು: ಅಡುಗೆಮನೆ ಚಿಮಣಿಯ ಒಂದು ಸಮಸ್ಯೆ

ಮಹಾನಗರದ ಫ್ಲ್ಯಾಟುಗಳಲ್ಲಿ ವಿದ್ಯುತ್ ಚಿಮಣಿ ಇಂದು ಸರ್ವೇಸಾಮಾನ್ಯ. ಆದರೂ ಒಣಮೆಣಸಿನಕಾಯಿಯ ಒಗ್ಗರಣೆಗೆ ಹಜಾರದಲ್ಲಿ ಕುಳಿತವರೂ ಕೆಮ್ಮುವುದು ತಪ್ಪಿಲ್ಲ. ನಾವೆಲ್ಲ ಮೋಟಾರನ್ನು ದೂರುತ್ತೇವೆ. ಅನೇಕ ವೇಳೆ ದೋಷವಿರುವುದು ಫ್ಯಾನಿಗೆ ತಾಗಿಕೊಂಡಿರುವ ಒಂದೆರಡು ಅಡಿ ಕೊಳವೆಯಲ್ಲಿ.

ಚಿಮಣಿಯೊಳಗಿನ ಬ್ಲೋವರ್ ಗಾಳಿಯನ್ನು ಸುತ್ತಿಸಿ ಹೊರಕ್ಕೆ ಎಸೆಯುತ್ತದೆ. ಆದುದರಿಂದ ಬಾಯಿಂದ ಹೊರಡುವ ಗಾಳಿ ಒಂದು ಪಕ್ಕದಲ್ಲಿ ರಭಸವಾಗಿಯೂ ಇನ್ನೊಂದು ಪಕ್ಕದಲ್ಲಿ ಮಂದವಾಗಿಯೂ ಇರುತ್ತದೆ. ನೇರ ಕೊಳವೆಯಲ್ಲಿ ಸ್ವಲ್ಪ ದೂರ ಸಾಗಿದರೆ ಈ ವೇಗ ಸಮನಾಗಿ, ರಭಸದ ಒಂದು ಭಾಗ ಉಪಯುಕ್ತ ಒತ್ತಡವಾಗಿ ಮಾರ್ಪಡುತ್ತದೆ. ಬಾಯಲ್ಲೇ ಮೊಣಕೈ ಜೋಡಿಸಿದರೆ ಅದಕ್ಕೆ ಅವಕಾಶವಿಲ್ಲ. ಅದೇ ಮೊಣಕೈಯನ್ನು ದೂರದಲ್ಲಿಟ್ಟಾಗ ಆಗುವ ನಷ್ಟಕ್ಕಿಂತ ಹತ್ತಿರವಿಟ್ಟಾಗ ಆಗುವ ನಷ್ಟವೇ ಹೆಚ್ಚು. ಅಮೆರಿಕದ ‘ಆಮ್ಕಾ’ ಸಂಸ್ಥೆಯ ಕೈಪಿಡಿಯು ಇದನ್ನು ‘ಸಿಸ್ಟಮ್ ಎಫೆಕ್ಟ್’ ಎಂದು ಕರೆಯುತ್ತದೆ.

ಎಷ್ಟು ದೂರ ನೇರವಿರಬೇಕು? ಗಾಳಿಯ ವೇಗ ಸೆಕೆಂಡಿಗೆ ಸುಮಾರು 12.5 ಮೀಟರ್ ಮೀರದಿದ್ದರೆ ಕೊಳವೆಯ ವ್ಯಾಸದ ಎರಡೂವರೆ ಪಟ್ಟು. ಅನಂತರ ಪ್ರತಿ 5 ಮೀಟರ್ ವೇಗಕ್ಕೆ ಇನ್ನೊಂದು ವ್ಯಾಸದಷ್ಟು. ಅಂದರೆ 6 ಅಂಗುಲದ ಕೊಳವೆಗೆ ಕನಿಷ್ಠ 15 ಅಂಗುಲ.

ಸಭಾಂಗಣ, ಹೋಟೆಲುಗಳಲ್ಲಿ ಫ್ಯಾನಿನ ಒಳಬಾಯಿಗೂ ಕೊಳವೆ ಇರುತ್ತದೆ. ಅಲ್ಲಿನ ತಿರುವು ಇನ್ನೂ ಅಪಾಯಕಾರಿ. ಗಾಳಿಯು ಮೊದಲೇ ಸುಳಿಯಾಗಿ ಒಳಹೊಕ್ಕು, ಆ ಸುಳಿ ಚಕ್ರದ ದಿಕ್ಕಿನಲ್ಲೇ ಇದ್ದರೆ ಫ್ಯಾನಿಗೆ ತಳ್ಳಲು ಹಿಡಿತವೇ ಸಿಗದು.

ವೇಗ ಹೆಚ್ಚಿಸಿದರಾಯಿತು ಎನ್ನುವವರಿದ್ದಾರೆ. ಫ್ಯಾನಿಗೆ ಬೇಕಾಗುವ ವಿದ್ಯುತ್ತು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಶೇ. 20ರಷ್ಟು ವೇಗ ಹೆಚ್ಚಿಸಿದರೆ ವಿದ್ಯುತ್ತು ಸುಮಾರು ಶೇ. 73ರಷ್ಟು ಹೆಚ್ಚು, ಸದ್ದಂತೂ ಕೇಳುವುದೇ ಬೇಡ.

ನಮ್ಮ ಮನೆಯಲ್ಲೇ ಈ ತಪ್ಪಾಯಿತು. ತೊಲೆ ಅಡ್ಡ ಬಂದಿತೆಂದು ಜೋಡಿಸಲು ಬಂದವರು ಚಿಮಣಿಯ ನೆತ್ತಿಯಲ್ಲೇ ಎರಡು ತಿರುವು ಕೊಟ್ಟು, ಉಳಿದ ಸುಕ್ಕುಕೊಳವೆಯನ್ನು ಎಳೆಯದೆ ಮೇಲೆ ತುರುಕಿದ್ದರು. ಆಸ್ತಮಾ ಇರುವ ತಾಯಿಯವರು ಒಗ್ಗರಣೆಯ ಹೊತ್ತಿಗೆ ಬಾಲ್ಕನಿಗೆ ಹೋಗಿ ನಿಲ್ಲಬೇಕಾಗಿತ್ತು. ಎರಡು ವರ್ಷ ಸಹಿಸಿ, ಹೆಚ್ಚು ಶಕ್ತಿಯ ಯಂತ್ರವನ್ನೂ ತಂದೆವು. ಗದ್ದಲ ಮಾತ್ರ ಹೆಚ್ಚಿತು. ಕೊನೆಗೆ ಕೊಳವೆಯನ್ನು ಒಂದೂವರೆ ಅಡಿ ನೇರವಾಗಿ ಏರಿಸಿ, ಒಂದೇ ಅಗಲವಾದ ತಿರುವಿನಿಂದ ಕಿಟಕಿಗೆ ಒಯ್ದೆವು. ಅದಕ್ಕಾಗಿ ಮೇಲಿನ ಕಪಾಟಿನ ಒಂದು ಖಾನೆಯನ್ನು ಬಿಟ್ಟುಕೊಡಬೇಕಾಯಿತು. ಈಗ ಬಾಲ್ಕನಿಯಲ್ಲಿರುವುದು ಉಪ್ಪಿನಕಾಯಿಯ ಭರಣಿಗಳು. ತಾಯಿಯವರು ಒಲೆಯ ಮುಂದಿದ್ದಾರೆ.