ಹನ್ನೊಂದು ಗುಂಡುಗಳ ಲೆಕ್ಕ

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಪವರ್‌ಲೂಮ್‌ಗಳ ಸದ್ದು ಕೇಳುತ್ತಾ ಬೆಳೆದವರಿಗೆ ಯಂತ್ರದ ತಾಳ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಮಗ್ಗದ ಸದ್ದು ಸ್ವಲ್ಪ ಬದಲಾದರೂ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತದೆ. ಆದರೆ ಮನೆಯ ಸೈಕಲ್ ಪೆಡಲ್ ತುಳಿದಾಗಲೆಲ್ಲ ‘ಟಕ್’ ಅಂದರೆ ನಾವು ತಿಂಗಳುಗಟ್ಟಲೆ ಸುಮ್ಮನಿರುತ್ತೇವೆ. ಓಡುತ್ತಿದೆಯಲ್ಲ, ಓಡಲಿ ಅಂದುಕೊಳ್ಳುತ್ತೇವೆ. ನಾನೂ ಹಾಗೆ ಅಂದುಕೊಂಡು ಪೆಡಲ್ ಹಿಡಿದಿಡುವ ಒಂದು ಕ್ರ್ಯಾಂಕ್ ಕಳೆದುಕೊಂಡೆ. ಪುಟ್ಟ ಪಿನ್ನಿನಲ್ಲಿ ಮುಗಿಯಬೇಕಾಗಿದ್ದ ರಿಪೇರಿ ಕ್ರ್ಯಾಂಕು, ಆಕ್ಸಲ್ಲಿನವರೆಗೆ ಬೆಳೆಯಿತು. ಆ ದಿನ ಸೈಕಲ್ ಶಾಪಿನ ಹಿರಿಯರು ಹೇಳಿದ ಮಾತು ಈಗಲೂ ನೆನಪಿದೆ: “ಎಲ್ಲಿ ಆಡ್ತೈತೆ ಅಂತ ಮೊದ್ಲು ನೋಡಿ ಸಾರ್, ಆಮೇಲೆ ಸ್ಪ್ಯಾನರ್ ಹಿಡೀರಿ.”

ಅವರು ‘ಆಡ್ತೈತೆ’ ಅಂದದ್ದನ್ನೇ ಮೆಕ್ಯಾನಿಕ್‌ಗಳು ‘ಪ್ಲೇ’ ಅನ್ನುತ್ತಾರೆ. ಬಿಗಿಯಾಗಿ ಕೂತಿರಬೇಕಾದ ಎರಡು ಭಾಗಗಳ ನಡುವೆ ಕೂದಲೆಳೆಯಷ್ಟು ಜಾಗ ಹುಟ್ಟಿಕೊಂಡರೆ ಅದೇ ಆಟ.

ಮೊದಲು ಒಳಗೇನಿದೆ ನೋಡೋಣ. ಫ್ರೇಮಿನ ಕೊಳವೆಗಳು ಬಂದು ಕೂಡುವ ತಳದಲ್ಲಿ ಒಂದು ಅಡ್ಡ ಕೊಳವೆಯಿದೆ. ಅದರೊಳಗೆ ಹಾದುಹೋಗುವ ಉಕ್ಕಿನ ಸಲಾಕೆಯೇ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಆಕ್ಸಲ್. ಅಡ್ಡ ಕೊಳವೆಯ ಎರಡೂ ಬಾಯಿಗೆ ಮರೆ (ತ್ರೆಡ್) ಹಾಕಿ ತಿರುಗಿಸಿ ಕೂರಿಸಿದ ಬಟ್ಟಲುಗಳು ಬಿ.ಬಿ. ಕಪ್ಪುಗಳು. ಕಪ್ಪಿಗೂ ಆಕ್ಸಲ್ಲಿನ ಉಬ್ಬಿಗೂ ನಡುವೆ ಕಾಲಿಂಚು ಅಳತೆಯ ಉಕ್ಕಿನ ಗುಂಡುಗಳು, ಒಂದೊಂದು ಬದಿಗೆ ಹನ್ನೊಂದು. ಆಕ್ಸಲ್ಲಿನ ಎರಡು ತುದಿಗೆ ಎರಡು ಕ್ರ್ಯಾಂಕ್. ಅವನ್ನು ಹಿಡಿದಿಡುವುದು ಕಿರುಬೆರಳಿಗಿಂತ ಸಣ್ಣ ಕಾಟರ್ ಪಿನ್.

ಈ ಸಣ್ಣ ಜಾಗದ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 60 ಕೆ.ಜಿ. ತೂಕದವರು ಏರಿನಲ್ಲಿ ಸೀಟು ಬಿಟ್ಟೆದ್ದು ಒಂದೇ ಪೆಡಲ್ ಮೇಲೆ ನಿಂತರು ಅನ್ನಿ. ಕ್ರ್ಯಾಂಕಿನ ಉದ್ದ ಸುಮಾರು 17 ಸೆಂ.ಮೀ.; 48 ಹಲ್ಲಿನ ಚೈನ್‌ವ್ಹೀಲಿನ ಅರೆವ್ಯಾಸ 10 ಸೆಂ.ಮೀ.ಗೂ ಸ್ವಲ್ಪ ಕಡಿಮೆ. ಸನ್ನೆಗೋಲಿನ ಲೆಕ್ಕದಲ್ಲಿ ಚೈನನ್ನು ಎಳೆಯುವ ಬಲ 100 ಕೆ.ಜಿ. ಮೀರುತ್ತದೆ. ಕೆಳಗೆ ಒತ್ತುವ ಕಾಲು ಮತ್ತು ಹಿಂದಕ್ಕೆ ಎಳೆಯುವ ಚೈನು, ಎರಡನ್ನೂ ತಡೆದುಕೊಳ್ಳುವುದು ಆ ಗುಂಡುಗಳೇ.

ಇನ್ನು ಸುತ್ತುಗಳ ಲೆಕ್ಕ. 48 ಹಲ್ಲಿನ ಚೈನ್‌ವ್ಹೀಲ್, 18 ಹಲ್ಲಿನ ಫ್ರೀವ್ಹೀಲ್, 28 ಇಂಚಿನ ಚಕ್ರ ಇರುವ ಸೈಕಲ್ ಪೆಡಲಿನ ಒಂದು ಸುತ್ತಿಗೆ ಹೆಚ್ಚುಕಡಿಮೆ 6 ಮೀಟರ್ ಸಾಗುತ್ತದೆ. ಐದು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಹೋಗಿ ಬರುವ ಮಗು ದಿನಕ್ಕೆ ಸುಮಾರು 1,700 ಸುತ್ತು ತುಳಿಯುತ್ತದೆ. ಶಾಲೆ 200 ದಿನ ನಡೆದರೆ ಮೂರು ಲಕ್ಷ ಸುತ್ತು ದಾಟುತ್ತದೆ. ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿಗಳ ಎಷ್ಟೋ ಮನೆಗಳಿಗೆ ಬಂದ ಮೊದಲ ಹೊಸ ಸೈಕಲ್ ಅದೇ. ಅದನ್ನು ತುಳಿಯುವುದು ಮಕ್ಕಳಿಗೆ ಬೇಗ ಬಂತು. ನೋಡಿಕೊಳ್ಳುವುದನ್ನು ಕಲಿಸಿದವರು ಕಡಿಮೆ.

ಈಗ ಆಟ ಎಲ್ಲಿದೆ ಹುಡುಕೋಣ. ಎರಡು ಕೈಯಲ್ಲಿ ಎರಡು ಕ್ರ್ಯಾಂಕ್ ಹಿಡಿದು ಅಡ್ಡಡ್ಡಕ್ಕೆ, ಅಂದರೆ ಫ್ರೇಮಿನ ಕಡೆಗೂ ಹೊರಗೂ, ಅಲ್ಲಾಡಿಸಿ. ಎರಡೂ ಒಟ್ಟಿಗೆ ಆಡಿದರೆ ದೋಷ ಒಳಗಿನ ಗುಂಡು ಅಥವಾ ಕಪ್ಪಿನಲ್ಲಿದೆ. ಒಂದು ಮಾತ್ರ ಆಡಿ ಇನ್ನೊಂದು ಅಲುಗದಿದ್ದರೆ ಆ ಬದಿಯ ಕಾಟರ್ ಪಿನ್ ಸಡಿಲವಾಗಿದೆ. ಕ್ರ್ಯಾಂಕುಗಳೆರಡೂ ಗಟ್ಟಿಯಾಗಿದ್ದು ಸದ್ದು ಮಾತ್ರ ಬರುತ್ತಿದ್ದರೆ ಪೆಡಲನ್ನೇ ಹಿಡಿದು ನೋಡಿ, ಅದರೊಳಗೂ ಗುಂಡುಗಳಿವೆ. ಕೊನೆಗೆ ಚೈನು ಕಳಚಿ ಕ್ರ್ಯಾಂಕನ್ನು ಬೆರಳಲ್ಲಿ ತಿರುಗಿಸಿ. ನುಣುಪಾಗಿ ತಿರುಗಿದರೆ ಸರಿ. ರಾಗಿ ಬೀಸುವ ಕಲ್ಲಿನಂತೆ ಗರಗರ ಅಂದರೆ ಒಳಗೆ ಮಣ್ಣು ಸೇರಿದೆ.

ಕಾಟರ್ ಪಿನ್ ಅಂದರೆ ಒಂದು ಬೆಣೆ. ಅದರ ಒಂದು ಮೈ ಓರೆಯಾಗಿ ಚಪ್ಪಟೆ. ಆ ಚಪ್ಪಟೆ ಮೈ ಆಕ್ಸಲ್ಲಿನ ಕಚ್ಚಿಗೆ ಒತ್ತಿ ಕೂರಬೇಕು. ನಮ್ಮಲ್ಲಿ ತುಂಬಾ ಜನ ಮಾಡುವ ತಪ್ಪು ನಟ್ಟನ್ನೇ ನಂಬಿ ಅದನ್ನು ಬಿಗಿಯುತ್ತಾ ಹೋಗುವುದು. ನಟ್ಟಿನಿಂದ ಬೆಣೆ ಬಿಗಿಯುವುದಿಲ್ಲ, ಮರೆ ಮಾತ್ರ ಕಿತ್ತುಹೋಗುತ್ತದೆ. ಬೆಣೆ ಕೂರುವುದು ಸುತ್ತಿಗೆಯ ಪೆಟ್ಟಿಗೆ. ಕೂತ ಬೆಣೆ ಜಾರದಂತೆ ಕಾಯುವುದಷ್ಟೇ ನಟ್ಟಿನ ಕೆಲಸ. ಪೆಟ್ಟು ಕೊಡುವಾಗ ಕ್ರ್ಯಾಂಕಿನ ಕೆಳಗೆ ಒಂದು ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಊರಿ ಆಸರೆ ಕೊಡಬೇಕು. ಆಸರೆಯಿಲ್ಲದೆ ಹೊಡೆದರೆ ಪೆಟ್ಟು ನೇರ ಗುಂಡುಗಳಿಗೆ ಹೋಗಿ ಕಪ್ಪಿನಲ್ಲಿ ಕುಳಿ ಬೀಳುತ್ತದೆ. ಎರಡು ಬದಿಯ ಪಿನ್‌ಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಹೋಗಬೇಕು. ಇಲ್ಲದಿದ್ದರೆ ಎರಡು ಕ್ರ್ಯಾಂಕ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಹೊಸ ಪಿನ್ ಹಾಕಿ ಕೆಲವು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಡಿದು ನಟ್ಟು ಬಿಗಿಯುವುದು ಕಡ್ಡಾಯ. ಪಿನ್ನಿನದು ಮೆದು ಉಕ್ಕು, ಮೊದಲ ತುಳಿತಕ್ಕೆ ಅದು ಸ್ವಲ್ಪ ಅಮುಕಿಕೊಳ್ಳುತ್ತದೆ.

ಸಡಿಲ ಪಿನ್ನಿನಲ್ಲೇ ಓಡಿಸಿದರೆ ಏನಾಗುತ್ತದೆ ಎಂದು ನನ್ನ ಹಳೇ ಪಿನ್ನೇ ತೋರಿಸಿತು. ಅಂಗೈಯಲ್ಲಿಟ್ಟು ನೋಡಿದೆ. ಚಪ್ಪಟೆ ಮೈಯ ನಡುವೆ ಉಗುರು ಕೂರುವಷ್ಟು ಆಳದ ಮೆಟ್ಟಿಲು ಬಿದ್ದಿತ್ತು. ಪ್ರತಿ ‘ಟಕ್’ಗೂ ಉಕ್ಕು ಉಕ್ಕನ್ನು ಕುಟ್ಟಿ ಕೆತ್ತಿದ ಮೆಟ್ಟಿಲು ಅದು. ಪಿನ್ನಾದ ಮೇಲೆ ಕ್ರ್ಯಾಂಕಿನ ತೂತು ಅಗಲವಾಗಿತ್ತು, ಆಮೇಲೆ ಆಕ್ಸಲ್ಲಿನ ಕಚ್ಚು ಸವೆದಿತ್ತು.

ಆಟ ಗುಂಡುಗಳ ಕಡೆ ಇದ್ದರೆ ಎಡಗಡೆಯ ಕಪ್ಪನ್ನು ನೋಡಬೇಕು. ಬಲಗಡೆಯದು ಬಿಗಿದೇ ಇರುವ ಕಪ್ಪು. ಎಡಗಡೆಯದರಲ್ಲಿ ಹೊಂದಾಣಿಕೆ ಮಾಡಬಹುದು, ಅದರ ಮೇಲೆ ಒಂದು ಲಾಕ್ ರಿಂಗ್ ಇರುತ್ತದೆ. ರಿಂಗ್ ಸಡಿಲಿಸಿ ಕಪ್ಪನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಿರುಗಿಸಿ. ಆಟ ಪೂರ್ತಿ ಹೋಗಿ, ಆಕ್ಸಲ್ ಇನ್ನೂ ಹಗುರವಾಗಿ ತಿರುಗುವ ಒಂದು ಹದವಿದೆ. ಪಾಕದ ಹದದಂತೆ ಅದನ್ನು ಕೈಯಲ್ಲೇ ಕಂಡುಕೊಳ್ಳಬೇಕು. ಲಾಕ್ ರಿಂಗ್ ಬಿಗಿದಾಗ ಕಪ್ಪು ತುಸು ಹೊರಕ್ಕೆ ಎಳೆದುಕೊಳ್ಳುತ್ತದೆ, ಹಾಗಾಗಿ ಮೊದಲೇ ಒಂದೆಳೆ ಹೆಚ್ಚು ಬಿಗಿ ಇಡುವುದು ಜಾಣತನ. ಒಂದು ಕಡೆ ಬಿಗಿ, ಅರ್ಧ ಸುತ್ತಿಗೆ ಸಡಿಲ ಎಂದಾದರೆ ಆಕ್ಸಲ್ ಬಗ್ಗಿದೆ ಅಥವಾ ಕಪ್ಪಿನಲ್ಲಿ ಕುಳಿ ಬಿದ್ದಿದೆ. ಆಗ ಬಿಚ್ಚದೆ ದಾರಿಯಿಲ್ಲ.

ಬಿಚ್ಚುವವರು ಬಲಗಡೆಯ ಕಪ್ಪಿನ ಹತ್ತಿರ ಎಚ್ಚರ ವಹಿಸಬೇಕು. ಬ್ರಿಟಿಷ್ ಪದ್ಧತಿಯ ನಮ್ಮ ಸೈಕಲ್‌ಗಳಲ್ಲಿ ಅದರ ಮರೆ ಉಲ್ಟಾ. ಇದರ ಹಿಂದೆ ಒಂದು ಸೊಗಸಾದ ವಿಜ್ಞಾನವಿದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ಅದರೊಳಗೆ ಪೆನ್ಸಿಲನ್ನು ಸಡಿಲವಾಗಿ ಹಿಡಿದು, ಮೇಲಿನ ತುದಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿಸಿ. ಉಂಗುರದ ಒಳಮೈಗೆ ಒತ್ತಿಕೊಂಡು ಉರುಳುವ ಪೆನ್ಸಿಲ್ ತಾನು ಮಾತ್ರ ಎದುರು ದಿಕ್ಕಿಗೆ ತಿರುಗುತ್ತದೆ. ಕಪ್ಪಿಗೂ ಇದೇ ಗತಿ. ಕ್ರ್ಯಾಂಕಿನ ಜತೆ ಭಾರ ಸುತ್ತುತ್ತಿದ್ದಂತೆ ಬಲಗಡೆಯ ಕಪ್ಪು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಎದುರು ದಿಕ್ಕಿಗೆ ತೆವಳುತ್ತದೆ. ಸಾಮಾನ್ಯ ಮರೆಯಿದ್ದರೆ ಅದು ಬಿಚ್ಚಿಕೊಳ್ಳುತ್ತಿತ್ತು. ಮರೆ ಉಲ್ಟಾ ಇರುವುದರಿಂದ ತುಳಿದಷ್ಟೂ ಬಿಗಿಯಾಗುತ್ತದೆ. ಎಡ ಪೆಡಲಿಗೆ ಉಲ್ಟಾ ಮರೆ ಇಟ್ಟಿರುವುದಕ್ಕೂ ಇದೇ ಕಾರಣ.

ಓವರಾಯಿಲ್ ಮಾಡುವಾಗ ಗುಂಡುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ. ಹೊಳಪು ಹೋಗಿದ್ದರೆ, ಒಂದರಲ್ಲಾದರೂ ಚುಕ್ಕೆ ಬಿದ್ದಿದ್ದರೆ ಹನ್ನೊಂದನ್ನೂ ಬದಲಿಸಿ. ಹಳೆಯದರ ನಡುವೆ ಒಂದೇ ಹೊಸ ಗುಂಡು ಹಾಕಿದರೆ ಅದೊಂದೇ ದಪ್ಪವಾಗಿದ್ದು ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಕಪ್ಪಿಗೆ ಧಾರಾಳವಾಗಿ ಗ್ರೀಸ್ ತುಂಬಿ ಗುಂಡುಗಳನ್ನು ಅದರಲ್ಲಿ ಅಂಟಿಸಿ ಕೂರಿಸಬೇಕು.

ಗುಂಡುಗಳನ್ನು ಹಾಳು ಮಾಡುವುದರಲ್ಲಿ ನಮ್ಮ ನೆಲದ ಪಾಲು ದೊಡ್ಡದು. ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ಕೆಂಪು ಮಣ್ಣು ಗ್ರಾನೈಟು, ನೈಸ್ ಬಂಡೆಗಳು ಶಿಥಿಲವಾಗಿ ಆದದ್ದು. ಅದರಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿವೆ. ಬೆಣಚು ಬೇರಿಂಗ್ ಉಕ್ಕಿಗಿಂತಲೂ ಗಡಸು. ಗ್ರೀಸಿಗೆ ಸೇರಿದ ಒಂದು ಚಿಟಿಕೆ ಧೂಳು ಒಳಗೆ ಉಪ್ಪುಕಾಗದದಂತೆ ಉಜ್ಜುತ್ತದೆ. ಸೈಕಲನ್ನು ಕೆರೆಯ ನೀರಿಗಿಳಿಸಿ ತೊಳೆದರೆ ಧೂಳಿಗೆ ನೀರೂ ಸೇರಿ ಗ್ರೀಸ್ ಕೆಡುತ್ತದೆ, ತುಕ್ಕು ಹಿಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಭಾನುವಾರ ನಸುಕಿಗೇ ದೇವನಹಳ್ಳಿ ದಾಟಿ ನಂದಿ ಬೆಟ್ಟ ಹತ್ತುವ ಗೇರ್ ಸೈಕಲ್‌ಗಳಲ್ಲಿ ಕಾಟರ್ ಪಿನ್ ಇಲ್ಲ. ಸಾಧಾರಣ ಬೆಲೆಯವುಗಳಲ್ಲಿ ಚೌಕ ತುದಿಯ ಆಕ್ಸಲ್ಲಿಗೆ ಅಲ್ಯುಮಿನಿಯಂ ಕ್ರ್ಯಾಂಕನ್ನು ಬೋಲ್ಟಿನಿಂದ ಒತ್ತಿ ಕೂರಿಸಿರುತ್ತಾರೆ. ಬೋಲ್ಟ್ ಸಡಿಲವಾದದ್ದು ಗೊತ್ತಾಗದೆ ಬೆಟ್ಟ ಹತ್ತಿದರೆ ಉಕ್ಕಿನ ಮೂಲೆಗಳು ಮೆದುವಾದ ಅಲ್ಯುಮಿನಿಯಂ ತೂತನ್ನು ಕೊರೆದು ದುಂಡು ಮಾಡಿಬಿಡುತ್ತವೆ. ಅದಕ್ಕೆ ರಿಪೇರಿಯಿಲ್ಲ, ಹೊಸ ಕ್ರ್ಯಾಂಕೇ ಬೇಕು. ಒಳಗಿನ ಬೇರಿಂಗ್ ಸೀಲ್ ಆಗಿರುವುದರಿಂದ ಆಟ ಬಂದರೆ ಇಡಿಯಾಗಿ ಬದಲಿಸಬೇಕು. ರೂಪ ಬದಲಾಗಿದೆ, ಆಟವನ್ನು ಬೇಗ ಹಿಡಿಯಬೇಕೆಂಬ ನಿಯಮ ಬದಲಾಗಿಲ್ಲ.

ಗುಂಡುಗಳಿಗೆ ಒಂದು ದೊಡ್ಡ ಚರಿತ್ರೆಯೇ ಇದೆ. 1869ರಲ್ಲಿ ಪ್ಯಾರಿಸ್‌ನ ಜೂಲ್ಸ್ ಸುರಿರೇ ಸೈಕಲ್‌ಗಾಗಿ ಬಾಲ್ ಬೇರಿಂಗ್‌ಗೆ ಪೇಟೆಂಟ್ ಪಡೆದ. ಅದೇ ವರ್ಷ ಪ್ಯಾರಿಸ್‌ನಿಂದ ರುವಾನ್‌ಗೆ ನಡೆದ ರೇಸನ್ನು ಜೇಮ್ಸ್ ಮೂರ್ ಗೆದ್ದದ್ದು ಅಂಥ ಬೇರಿಂಗ್ ಇದ್ದ ಸೈಕಲ್ಲಿನಲ್ಲಿ. 1883ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫಿಶರ್ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಕಟ್ಟಿದ. ಕಾರು, ವಿಮಾನ, ಮಗ್ಗದ ಮೋಟಾರು ಇವಕ್ಕೆಲ್ಲ ಬೇಕಾದ ವಿದ್ಯೆ ಬೆಳೆದದ್ದು ಸೈಕಲ್ಲಿನ ಆಸರೆಯಲ್ಲಿ.

ನಿಮ್ಮ ಮನೆಯ ಸೈಕಲ್ಲಿನ ಎರಡು ಕ್ರ್ಯಾಂಕ್ ಹಿಡಿದು ಇವತ್ತೇ ಒಮ್ಮೆ ಅಲ್ಲಾಡಿಸಿ ನೋಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ. ಆಟ ಕಂಡರೆ, ಅದನ್ನು ಸರಿ ಮಾಡುವವರೆಗೆ ಸೈಕಲ್ ತುಳಿಯಬೇಡಿ.