ಒಲೆ ಕೊಳ್ಳುವ ಮುನ್ನ ಮೇವು ನೋಡಿ

ಶಾಲೆ ಬಿಟ್ಟ ಹೊತ್ತಿಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಎರಡು ಕರಪತ್ರ ಹಿಡಿದುಕೊಂಡು ಬಂದರು. ಎರಡರಲ್ಲೂ ಪೆಲೆಟ್ ಒಲೆಯ ಚಿತ್ರ. ಅದೇ ಎತ್ತರ, ಅದೇ ಸ್ಟೀಲ್ ಮೈ, ಬದಿಯಲ್ಲಿ ಅದೇ ಫ್ಯಾನಿನ ಗುಂಡಿ. ಬೆಲೆಯಲ್ಲಿ ಮಾತ್ರ ಮುನ್ನೂರು ರೂಪಾಯಿ ವ್ಯತ್ಯಾಸ. "ಎರಡೂ ಒಂದ ಥರಾ ಕಾಣ್ತಾವ್ರಿ ಟೀಚರ್, ಯಾವುದು ತಗೊಳ್ಳೂದು?" ಎಂದರು. ನವಲಗುಂದದ ಜಮಖಾನ ನೇಯ್ದು ಕೂಡಿಟ್ಟ ಹಣ ಅದು. ಆಯ್ಕೆ ತಪ್ಪಿದರೆ ಮತ್ತೆ ಕೂಡಿಡಲು ತಿಂಗಳುಗಳೇ ಬೇಕು.

ಸಹೋದರಿಯರೇ, ಈ ಪ್ರಶ್ನೆ ನಿಮ್ಮ ಮನೆಗೂ ಬರಬಹುದು. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಕಲಘಟಗಿಯಂತೆ ಕಾಡಿಲ್ಲ. ಹತ್ತಿ ಕಟ್ಟಿಗೆ ಭುಗಿಲ್ಲನೆ ಉರಿದು ಆರುತ್ತದೆ, ಕುಳ್ಳು ಕಣ್ಣು ಉರಿಸುತ್ತದೆ. 2016ರಲ್ಲಿ ಉಜ್ವಲ ಯೋಜನೆ ಆರಂಭವಾಗಿ ಬಡವರ ಮನೆಗೂ ಗ್ಯಾಸ್ ಬಂತು. ಆದರೆ ಸಿಲಿಂಡರ್ ತುಂಬಿಸುವ ಹಣ ಹೊಂದದೆ ಎಷ್ಟೋ ಮನೆಗಳಲ್ಲಿ ಹಳೆಯ ಒಲೆ ಇನ್ನೂ ಹೊಗೆಯಾಡುತ್ತಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರು ಯಾರು? ನಾವು, ನಮ್ಮ ಮಡಿಲ ಮಕ್ಕಳು.

ಪೆಲೆಟ್ ಎಂದರೆ ಬೇರೇನಲ್ಲ. ಮರದ ಪುಡಿ, ಶೇಂಗಾ ಸಿಪ್ಪೆ, ಬೆಳೆಯ ಕಡ್ಡಿಗಳನ್ನು ಪುಡಿ ಮಾಡಿ, ಯಂತ್ರದಲ್ಲಿ ಒತ್ತಿ ಬೆರಳಿಗಿಂತ ಸಣ್ಣದಾಗಿ ಮಾಡಿದ ಗಟ್ಟಿ ತುಂಡು. ಒಲೆಯ ಕೊಳವೆಗೆ ತುಂಬಿ ಮೇಲಿನಿಂದ ಹೊತ್ತಿಸುತ್ತೇವೆ. ಫ್ಯಾನು ಕೆಳಗಿನಿಂದ ಸ್ವಲ್ಪ ಗಾಳಿ ಕೊಡುತ್ತದೆ. ಪೆಲೆಟ್ ಕಾದು ಅನಿಲ ಹೊರಡುತ್ತದೆ. ಮೇಲಿನ ರಂಧ್ರಗಳಿಂದ ಬರುವ ಗಾಳಿ ಸೇರಿ ಆ ಅನಿಲವೇ ಉರಿಯುತ್ತದೆ. ಹೊಗೆಯಾಗಿ ಹೋಗಬೇಕಾದದ್ದು ಜ್ವಾಲೆಯಾಗುವುದರಿಂದ ಊದುಗೊಳವೆಯ ಕೆಲಸವಿಲ್ಲ.

ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ ತಯಾರಾದ 'ಊರ್ಜಾ' ಒಲೆಯನ್ನು ಬಿಪಿ ಕಂಪೆನಿ 2006ರಲ್ಲಿ ಮಾರುಕಟ್ಟೆಗೆ ತಂದಿತು. ಕರ್ನಾಟಕ, ಮಹಾರಾಷ್ಟ್ರ ಮೊದಲಾದೆಡೆ ಸುಮಾರು 4 ಲಕ್ಷ ಒಲೆಗಳು ಹೋದವು. ಮುಂದೆ ಪೆಲೆಟ್‌ಗೆ ಬೇಕಾದ ಕೃಷಿ ತ್ಯಾಜ್ಯದ ಬೆಲೆ ಏರಿತು, ಪೆಲೆಟ್ ಬೆಲೆಯೂ ಏರಿತು. ವ್ಯಾಪಾರ ಮನೆಗಳಿಂದ ಹೋಟೆಲ್ ಅಡುಗೆಮನೆಗಳ ಕಡೆಗೆ ಹೊರಳಿತು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು, ಮೇವು ತುಟ್ಟಿಯಾಯಿತು. ಎತ್ತು ಕೊಳ್ಳುವವನು ಹಲ್ಲು ಎಣಿಸುವ ಮೊದಲು ಕಣಜದಲ್ಲಿ ಮೇವಿದೆಯೇ ಎಂದು ನೋಡಬೇಕಲ್ಲವೇ?

ಆದ್ದರಿಂದ ಮೊದಲ ಪ್ರಶ್ನೆ ಪೆಲೆಟ್‌ನದೇ ಆಗಿರಲಿ. ಎಲ್ಲಿಂದ ಬರುತ್ತದೆ? ಮಳೆಗಾಲದಲ್ಲೂ ಸಿಗುತ್ತದೆಯೇ? ಮನೆ ಮುಟ್ಟಿಸಲು ಕಿಲೋಗೆ ಎಷ್ಟು? ಬೇರೆಯವರ ಪೆಲೆಟ್ ಹಾಕಿದರೂ ಒಲೆ ಉರಿಯುತ್ತದೆಯೇ? ಒಂದು ಸುಲಭ ಲೆಕ್ಕ ಹೇಳುತ್ತೇನೆ. 14.2 ಕಿಲೋ ಸಿಲಿಂಡರ್ ಮಾಡುವ ಅಡುಗೆಗೆ ಒಳ್ಳೆಯ ಫ್ಯಾನ್ ಒಲೆಯಲ್ಲಿ ಸರಿಸುಮಾರು 70 ಕಿಲೋ ಪೆಲೆಟ್ ಬೇಕು. ನೀವು ಸಿಲಿಂಡರ್‌ಗೆ ಕೊಡುವ ಹಣವನ್ನು 70ರಿಂದ ಭಾಗಿಸಿ. ಸಿಲಿಂಡರ್ 910 ರೂಪಾಯಿ ಎಂದಿಟ್ಟುಕೊಂಡರೆ 13 ಬರುತ್ತದೆ. ಪೆಲೆಟ್ ಕಿಲೋಗೆ 13 ರೂಪಾಯಿ ದಾಟಿದರೆ ಗ್ಯಾಸೇ ಅಗ್ಗ!

ಎರಡನೆಯದು ಪರೀಕ್ಷೆ. ಇಂಥ ಒಲೆಗಳಿಗೆ 2013ರ ಐಎಸ್ 13152 ಎಂಬ ಮಾನದಂಡವಿದೆ. ಅದರಂತೆ ಫ್ಯಾನ್ ಒಲೆಗೆ ಕನಿಷ್ಠ ಶೇ. 35, ಫ್ಯಾನ್ ಇಲ್ಲದ ಒಲೆಗೆ ಶೇ. 25 ದಕ್ಷತೆ ಇರಬೇಕು. ಆ ಪರೀಕ್ಷೆಯ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಮೂರನೆಯದು ಫ್ಯಾನು, ಬ್ಯಾಟರಿ. ಕರೆಂಟ್ ಹೋದಾಗ ಎಷ್ಟು ಹೊತ್ತು ನಡೆಯುತ್ತದೆ? ಕೆಟ್ಟರೆ ಬಿಡಿಭಾಗ ಹುಬ್ಬಳ್ಳಿಯಲ್ಲಾದರೂ ಸಿಗುತ್ತದೆಯೇ?

ನಾಲ್ಕನೆಯದು ಕೊಳವೆಯ ಅಳತೆ. ಹಲವು ಒಲೆಗಳಲ್ಲಿ ಒಮ್ಮೆ ತುಂಬಿದ್ದು ಮುಗಿಯುವವರೆಗೆ ನಡುವೆ ಹಾಕುವಂತಿಲ್ಲ. ಸಹರಿಗೆ ಎದ್ದು ಅನ್ನ ಅರ್ಧ ಬೆಂದಾಗ ಒಲೆ ಆರಿದರೆ ಮತ್ತೆ ತುಂಬಿ ಹೊತ್ತಿಸಲು ಸಮಯವೆಲ್ಲಿ? ನಿಮ್ಮ ಮನೆಯ ಪಾತ್ರೆಗೆ ಎಷ್ಟು ಹೊತ್ತಿನ ಉರಿ ಬೇಕೆಂದು ಮೊದಲೇ ಅಳೆಯಿರಿ.

ಇನ್ನು ಬೂದಿ. ಮರದ ಪುಡಿಯ ಪೆಲೆಟ್‌ನಲ್ಲಿ ಬೂದಿ ಅತಿ ಕಡಿಮೆ. ಭತ್ತದ ಹೊಟ್ಟಿನದಾದರೆ ಸುಮಾರು ಐದನೇ ಒಂದು ಪಾಲು ಬೂದಿಯೇ. ಅದು ಕಿಟ್ಟಗಟ್ಟಿ ಗಾಳಿಯ ರಂಧ್ರ ಮುಚ್ಚುತ್ತದೆ. ಪೆಲೆಟ್‌ಗೆ ನೀರು ಶತ್ರು. ಒಂದು ಮಳೆಗಾಲ ನಾನು ಚೀಲವನ್ನು ಗೋಡೆಗೆ ಒರಗಿಸಿಟ್ಟು ಮರೆತಿದ್ದೆ. ತೇವ ಹೀರಿ ಉಬ್ಬಿ, ಎಲ್ಲ ಪುಡಿಯಾಯಿತು. ತಪ್ಪು ನನ್ನದೇ. ಮುಚ್ಚಳದ ಡ್ರಮ್ಮಿನಲ್ಲಿ, ನೆಲದಿಂದ ಎತ್ತರದಲ್ಲಿಡಿ.

ಬಕ್ರೀದಿಗೆ ಕಬಾಬ್ ಸುಡಲು ಇದೇ ಒಲೆ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಮಾಂಸ ಸುಡಲೆಂದೇ ಪೆಲೆಟ್ ಗ್ರಿಲ್‌ಗಳಿವೆ. ಅವು ಕರೆಂಟಿನಿಂದ ನಡೆಯುತ್ತವೆ, ಆಹಾರಕ್ಕೆಂದೇ ಶುದ್ಧ ಮರದಿಂದ ಮಾಡಿದ ಪೆಲೆಟ್ ಬೇಡುತ್ತವೆ. ನಮ್ಮ ಪೆಲೆಟ್‌ನಲ್ಲಿ ಪ್ಲೈವುಡ್ ಪುಡಿ, ಅಂಟು ಸೇರಿರಬಹುದು. ಪಾತ್ರೆಯಿಟ್ಟು ಬೇಯಿಸಿ. ಮಾಂಸವನ್ನು ನೇರ ಜ್ವಾಲೆಗೆ ಹಿಡಿಯಬೇಡಿ, ಅದಕ್ಕೆ ಇದ್ದಿಲ ಸಿಗಡಿಯೇ ಸಾಕು. ಹೊಗೆ ಕಾಣದಿದ್ದರೂ ಇಂಗಾಲದ ಮೋನಾಕ್ಸೈಡ್ ಇರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಲೆಯನ್ನಾಗಲಿ ಸಿಗಡಿಯನ್ನಾಗಲಿ ಎಂದಿಗೂ ಉರಿಸಬೇಡಿ.

ಆ ತಾಯಿ ಈ ಪ್ರಶ್ನೆಗಳನ್ನು ಮಗಳ ಕೈಯಿಂದ ಬರೆಸಿಕೊಂಡು ಹೋದರು. ಅಗ್ಗದ ಒಲೆಯವನಲ್ಲಿ ಪೆಲೆಟ್ ಇರಲಿಲ್ಲ, "ಆರ್ಡರ್ ಮಾಡಿದ್ರ ಬರತೈತಿ" ಎಂದನಂತೆ. ಇನ್ನೊಬ್ಬನಲ್ಲಿ ಚೀಲವೇ ಇತ್ತು. ಅವರು ಅಂಗಡಿಯಲ್ಲೇ ಒಲೆ ಹೊತ್ತಿಸಿ ಅನ್ನ ಬೇಯಿಸಿ ನೋಡಿದ ಮೇಲೆಯೇ ಹಣ ಎಣಿಸಿದರು. ಗ್ಯಾಸನ್ನೂ ಬಿಟ್ಟಿಲ್ಲ, ಅವಸರದ ದಿನಕ್ಕೆಂದು ಇಟ್ಟುಕೊಂಡಿದ್ದಾರೆ. ಮುನ್ನೂರು ರೂಪಾಯಿ ಹೆಚ್ಚು ಕೊಟ್ಟೆನೆಂಬ ಚಿಂತೆ ಅವರಿಗಿಲ್ಲ. ನೀವೂ ಕೇಳಿ, ಹೊತ್ತಿಸಿ ನೋಡಿ, ಆಮೇಲೆ ಕೊಳ್ಳಿ.