ಕರಿಯ ದಿನದ ಊಟವೂ ದ್ರಾಕ್ಷಾರಸವೂ

ಕ್ರಿಸ್ಮಸ್ಸಿನ ಹಬ್ಬದಂದು ಇಡಿಯಾಗಿ ಬೇಯಿಸಿದ ಮಾಂಸದೊಡನೆ ಯಾವ ದ್ರಾಕ್ಷಾರಸ ಹೊಂದೀತೆಂದು ಪಾಶ್ಚಾತ್ಯರು ಬಹುವಾಗಿ ಚಿಂತಿಸುವುದುಂಟು. ಇದನ್ನು ಉಳ್ಳವರ ಶೋಕಿಯೆಂದು ತಳ್ಳಿಹಾಕುವ ಮುನ್ನ ನಮ್ಮ ನಾಡಿನ ಅರಸನೊಬ್ಬನನ್ನು ನೆನೆಯಬೇಕು. 1126ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ, ಪಾನೀಯಭೋಗಗಳನ್ನು ಬೇರೆಬೇರೆಯಾಗಿಯೇ ವಿವರಿಸಿದ್ದಾನೆ, ಸುಟ್ಟ ಮಾಂಸದ ಪಾಕವೂ ಅಲ್ಲುಂಟು. ಉಣ್ಣುವುದರಂತೆ ಕುಡಿಯುವುದೂ ವಿಚಾರಕ್ಕೆ ಯೋಗ್ಯವೆಂಬ ತಿಳಿವು ನಮಗೆ ಹಡಗಿನಲ್ಲಿ ಬಂದುದಲ್ಲ.

ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ನಮಗೆ ಈ ಪ್ರಶ್ನೆ ಎದುರಾದದ್ದು ಯುಗಾದಿಯ ಮರುದಿನ, ಕರಿಯಂದು. ಹಬ್ಬದ ದಿನ ಹೋಳಿಗೆ. ಅದಕ್ಕೆ ಹಾಲು, ತುಪ್ಪ, ಕಟ್ಟಿನ ಸಾರು. ಕರಿಯ ದಿನ, ಮಾಂಸ ತಿನ್ನುವ ಮನೆಗಳಲ್ಲಿ, ಜೋಳದ ರೊಟ್ಟಿ, ಖಂಡದ ಸಾರು. ವಿಜಯಪುರದಲ್ಲಿ ನೌಕರಿಯಲ್ಲಿರುವ ಅಣ್ಣನ ಮಗ ಆ ಕಡೆಯ ಕೆಂಪು ದ್ರಾಕ್ಷಾರಸದ ಸೀಸೆಯೊಂದನ್ನು ತಂದಿದ್ದ.

“ಕಾಕಾ, ಖಂಡಕ್ಕ ಇದು ಚಲೋ ಜೋಡಿ ಅಂತಾರ,” ಎಂದ.

ನಾನು ಉತ್ತರಿಸುವ ಮೊದಲೇ ಒಳಗಿನಿಂದ ಅತ್ತಿಗೆಯ ದನಿ ಬಂತು: “ಯಾವ ಬಾಟ್ಲಿ ಆದರೇನು? ಹೊಸ್ತಿಲ ದಾಟಿಸಬ್ಯಾಡ.”

ಆಕೆಯ ತವರಿನ ಎರಡು ಎಕರೆ ಎರೆಹೊಲ ಸಾರಾಯಿ ಅಂಗಡಿಯ ಬಾಕಿಗೆ ಹೋಯಿತು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ದ್ರಾಕ್ಷಾರಸಕ್ಕೆ ಉತ್ತೇಜನ ಕೊಡುವ ನೀತಿ ಬಂದದ್ದೂ ಅದೇ ವರ್ಷ. ಸರಕಾರದ ಲೆಕ್ಕದಲ್ಲಿ ಇವೆರಡೂ ಬೇರೆ. ಅತ್ತಿಗೆಯ ಲೆಕ್ಕದಲ್ಲಿ ಅಲ್ಲ. ಆಕೆಯೊಡನೆ ವಾದಿಸುವ ಮನಸ್ಸು ನನಗಾಗಲಿಲ್ಲ. ಸೀಸೆ ಹೊರಗಿನ ಕಟ್ಟೆಯ ಮೇಲೆಯೇ ಉಳಿಯಿತು. ಸಾರು ತುಂಬಿದ ಬಟ್ಟಲು ಅಲ್ಲಿಗೇ ಬಂತು.

ರುಚಿಯ ಮಾತಿಗೆ ಬಂದರೆ, ಕೆಂಪು ದ್ರಾಕ್ಷಾರಸದ ಒಗರು ಮಾಂಸದ ಸಸಾರಜನಕದೊಡನೆ ಕೂಡಿ ಮೃದುವಾಗುತ್ತದೆ. ಉಪ್ಪು ಸವರಿ ಕೆಂಡದಲ್ಲಿ ಸುಟ್ಟ ತುಂಡಿಗೆ ಅದು ಸೊಗಸು. ಸಾರಿನ ಕಥೆ ಬೇರೆ. ಬ್ಯಾಡಗಿ ಮೆಣಸಿನಕಾಯಿ—2011ರಲ್ಲಿ ಭೌಗೋಳಿಕ ಗುರುತು ಪಡೆದುದು—ಬಣ್ಣದಲ್ಲಿ ಉದಾರಿ, ಖಾರದಲ್ಲಿ ಮಿತಭಾಷಿ. ಆದರೆ ನಮ್ಮವರಿಗೆ ಅಷ್ಟು ಸಾಲದು, ಗುಂಟೂರಿನದನ್ನೂ ಬೆರೆಸುತ್ತಾರೆ! ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ. ದ್ರಾಕ್ಷಾರಸದ ಬಹುಪಾಲು ನೀರೇ. ಅದರಲ್ಲಿರುವ ನೂರಕ್ಕೆ ಹನ್ನೆರಡು ಹದಿಮೂರರಷ್ಟು ಮದ್ಯಸಾರ ಖಾರವನ್ನು ತೊಳೆಯಲಾರದು, ಉರಿಯನ್ನು ಕೆರಳಿಸಬಲ್ಲದು. ಒಗರೂ ಸೇರಿದರೆ ನಾಲಗೆಗೆ ಎರಡು ಕಡೆಯ ಪೆಟ್ಟು. ಹಾಲು ಮಜ್ಜಿಗೆಗಳಲ್ಲಿರುವ ಕೇಸಿನ್ ಎಂಬ ಸಸಾರಜನಕವಾದರೋ ಆ ಸತ್ವವನ್ನು ನಾಲಗೆಯಿಂದ ಬಿಡಿಸಿ ಒಯ್ಯುತ್ತದೆ.

ಕಟ್ಟೆಯ ಮೇಲೆ ಎರಡು ಗುಟುಕು ಕುಡಿದ ಹುಡುಗನ ಕಣ್ಣಲ್ಲಿ ನೀರಾಡಿತು. ಖಂಡದ ಸಾರಿಗೆ ದ್ರಾಕ್ಷಾರಸವೇ ಬೇಕೆನ್ನುವವರು ಒಗರಿಲ್ಲದ, ತುಸು ಸಿಹಿಯಾದ ಬಿಳಿಯದನ್ನು ತಣ್ಣಗೆ ಮಾಡಿಕೊಳ್ಳಲಿ, ಮೆಣಸಿನಕಾಯಿಯನ್ನೂ ಬ್ಯಾಡಗಿಯದಕ್ಕೇ ನಿಲ್ಲಿಸಲಿ ಎಂದು ಅವನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಅತ್ತಿಗೆ ಮಾತಿಲ್ಲದೆ ಬಂದು ಮಜ್ಜಿಗೆಯ ತಂಬಿಗೆಯನ್ನು ನಮ್ಮಿಬ್ಬರ ನಡುವೆ ಇಟ್ಟು ಹೋದರು.